ಗಾಜಿನ ತಳದ ಬಿಳಿ ಗುಪ್ಪೆ

ಮೊದಲನೆಯ ಪಾತ್ರೆಯ ತಳಕ್ಕೆ ಇಳಿಬಿಸಿಲು ಬಿದ್ದಿದೆ, ಅಲ್ಲಿ ಏನೋ ಬೆಳ್ಳಗೆ, ಚಿಕ್ಕದು, ಬಸದಿಯಲ್ಲಿ ಅತ್ತೆ ಮಣೆಯ ಮೇಲೆ ಇಡುವ ಅಕ್ಕಿಯ ಗುಪ್ಪೆಯಷ್ಟೇ ಇದೆ, ಇದು ಇಲ್ಲಿ ಯಾಕೆ, ಇಷ್ಟು ಹೊತ್ತಿಗೆ ಕರಗಬೇಕಿತ್ತಲ್ಲ — ಗುಳಿಗೆಯೇನೋ ಒಡೆದಿದೆ, ಪುಡಿಯಾಗಿದೆ, ಆದರೆ ಆ ಪುಡಿ ಮೇಲಕ್ಕೇಳದೆ ನೀರು ಕಲಕುವ ರೆಕ್ಕೆಯ ಕೆಳಗೇ ಕೂತುಬಿಟ್ಟಿದೆ, ಉಕ್ಕಿನ ರೆಕ್ಕೆ ತಿರುಗುತ್ತಿದೆ, ಮೈಬಿಸಿಯ ನೀರೆಲ್ಲ ತಿರುಗುತ್ತಿದೆ, ಇದೊಂದು ಮಾತ್ರ ಅಲುಗುವುದಿಲ್ಲ, ಇಷ್ಟು ವರ್ಷ ಈ ಲ್ಯಾಬಿನಲ್ಲಿದ್ದು ಇದನ್ನು ನಾನು ನೋಡಿಯೇ ಇಲ್ಲವಲ್ಲ, ನೋಡುವುದಾದರೂ ಹೇಗೆ, ಗುಳಿಗೆ ಕರಗಿಸಿ ನೋಡುವ ಈ ಪರೀಕ್ಷೆ ಯಾವಾಗಲೂ ಬೆಳಿಗ್ಗೆ, ಬಿಸಿಲು ಆಚೆ ಗೋಡೆಗೆ, ನನ್ನ ಕಣ್ಣು ಗಡಿಯಾರಕ್ಕೆ. ಬ್ರಾಹ್ಮಿ ಮೇಡಂ, ಟೈಮ್ ಆತು, ಸ್ಯಾಂಪಲ್ ತಗೀರಿ — ಹಿಂದೆ ನಿಂತವರು ಶಿವರಾಜ ಸರ್, ಲ್ಯಾಬಿನ ಮ್ಯಾನೇಜರು, ಅವರ ಪೆನ್ನು ಟಕ್ ಟಕ್ ಅನ್ನುತ್ತಿದೆ, ತೆಗೆಯುತ್ತೇನೆ ಸರ್, ತೆಗೆದೆ, ಸಿರಿಂಜಿನ ಉದ್ದ ಕೊಳವೆ ಇಳಿಸಿ ಒಂದಿಷ್ಟು ನೀರು ಎಳೆದುಕೊಂಡೆ, ತೆಗೆದಷ್ಟೇ ಹೊಸ ನೀರನ್ನು ವಾಪಸ್ ಹಾಕಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ, ಹಾಕಿದೆ, ಎಂದಿನ ಹಾಗೆ ಚುರ್ರಂತ ಒತ್ತಿದೆ — ಅಯ್ಯೋ, ಧಾರೆ ನೆಟ್ಟಗೆ ತಳಕ್ಕೆ ಹೋಯಿತು, ಗುಪ್ಪೆ ಒಡೆಯಿತು, ಹಾಲಿನ ಹಾಗೆ ಎದ್ದು ನೀರಿಡೀ ಹರಡಿತು, ನಾನು ನೋಡುನೋಡುತ್ತಿದ್ದಂತೆ ತಳ ಖಾಲಿ. ಕರಗಿತು. ಕರಗಿಸಿದ್ದು ನನ್ನ ಕೈ.

ಎರಡನೆಯ ಪಾತ್ರೆಯ ಮೇಲೆ ಸಿರಿಂಜು ಹಾಗೇ ನಿಂತಿದೆ, ಯಾಕ ನಿಂತ್ರಿ, ಏನಿಲ್ರಿ ಸರ್, ಬಾಯಿ ಏನಿಲ್ಲ ಅನ್ನುತ್ತದೆ, ಕಣ್ಣು ತಳಕ್ಕೆ ಹೋಗುತ್ತದೆ, ಎರಡನೆಯದರಲ್ಲೂ ಗುಪ್ಪೆ, ಮೂರನೆಯದರಲ್ಲೂ, ಬಗ್ಗಿ ನೋಡಿದರೆ ಸಾಲಾಗಿ ಆರನೆಯದರವರೆಗೂ, ಕೆಲವು ಸಣ್ಣವು, ಕೆಲವು ದೊಡ್ಡವು, ಹಾಗಾದರೆ ಬೆಳಿಗ್ಗೆ ಯಂತ್ರ ಹೇಳಿದ್ದು ನಿಜವೇ, ಆ ಯಂತ್ರ, ಪಕ್ಕದ ಮೇಜಿನ ಮೇಲೆ ಸಣ್ಣ ಸಣ್ಣ ಕೊಳವೆ ಇಳಿಬಿಟ್ಟುಕೊಂಡು ಕೂತಿರುವ ಬೇವರ್ಸಿ ಯಂತ್ರ, ಮನುಷ್ಯರ ಕೈ ಬೇಡ, ತಾನೇ ಹೊತ್ತಿಗೆ ಸರಿಯಾಗಿ ನೀರು ತೆಗೆಯುತ್ತದೆ, ತಾನೇ ಸೋಸುತ್ತದೆ, ತಾನೇ ತುಂಬುತ್ತದೆ, ಅದು ಬಂದ ವಾರವೇ ನನ್ನ ಜೊತೆ ಕೈಯಲ್ಲಿ ಪರೀಕ್ಷೆ ಮಾಡುತ್ತಿದ್ದ ಕುಸುಮಳನ್ನು ಇಲ್ಲಿಂದ ಎಬ್ಬಿಸಿ ಪ್ಯಾಕಿಂಗಿಗೆ ಹಾಕಿದರು, ಮುಂದಿನ ಪಾಳಿ ನಿಂದs ನೋಡಬೇ ಅಂತ ಅವಳು ನಕ್ಕೊಂತ ಹೋದಳು, ನನಗೆ ನಗು ಬರಲಿಲ್ಲ. ಯಂತ್ರ ಕೂಡಿಸಲು ಕೊಲ್ಹಾಪುರದಿಂದ ಬಂದಿದ್ದ ನಿಖಿಲ, ತಾಈ, ಮಶೀನ್ ಖೋಟಂ ಬೋಲತ್ ನಾಹೀ, ಮನಶ್ಯಾರ ಕೈಗೆ ಒಂದೊಂದ ದಿನಾ ಒಂದೊಂದ ಬುದ್ಧಿ, ಮಶೀನಿಗೆ ಒಂದs ಬುದ್ಧಿ, ಅಂದಿದ್ದ, ಸುಳ್ಳು ಹೇಳುವುದಿಲ್ಲವಂತೆ, ನೋಡೋಣ ಅಂತ ನಾನು ಹಲ್ಲು ಕಚ್ಚಿದ್ದೆ. ಹಳೆಯ ಒಂದು ಬ್ಯಾಚು ಹಾಕಿ ನೋಡಿರಿ, ನಿಮ್ಮ ಕೈಗೂ ಯಂತ್ರಕ್ಕೂ ತಾಳೆ ಬರುತ್ತದೋ ಇಲ್ಲವೋ ಅಂದರು ಮೇಲಿನವರು, ಶ್ರಾವಣದಲ್ಲಿ ನಾನೇ ಪಾಸು ಮಾಡಿದ ಫಿಟ್ಸ್ ಗುಳಿಗೆಯ ಬ್ಯಾಚು ಹಾಕಿದೆವು, ಯಂತ್ರ ಫೇಲ್ ಅಂದಿತು, ಅರ್ಧವೂ ಕರಗಿಲ್ಲ ಅಂದಿತು, ಹೋದ ವರ್ಷದ ಮಾಲು ಹಾಕಿದರೆ ಅದೇ ಯಂತ್ರದಲ್ಲಿ ನೀರಾಗಿ ಹೋಯಿತು, ಆದರೂ ಗುಳಿಗೆಯ ಮೇಲೆ ಯಾರಿಗೂ ಸಂಶಯ ಬರಲಿಲ್ಲ, ನನಗಂತೂ ಖುಷಿಯೇ ಆಯಿತು, ಹೌದು, ಖುಷಿ, ಮಧ್ಯಾಹ್ನದ ಬುತ್ತಿ ಬಿಚ್ಚಿ ಎರಡು ರೊಟ್ಟಿ ಜಾಸ್ತಿ ತಿಂದೆ, ಸೋತಿತಲ್ಲ ಮುಂಡೇದು ಅಂತ. ಶಿವರಾಜ ಸರ್ ಕೂಡ, ಮಶೀನಿನ ಸೆಟಿಂಗ್ ಹದಗೆಟ್ಟೈತಿ, ಬ್ರಾಹ್ಮಿ ಮೇಡಂ, ನೀವು ಕೈಲೆ ಮಾಡಿ ತೋರಸ್ರಿ, ಇವತ್ತs ಆಗ್ಬೇಕು, ಮಾಲು ಎಲ್ಲಾ ಪ್ಯಾಟ್ಯಾಗ ಹೋಗೇತಿ, ಫೇಲ್ ಅಂತ ಬರದ್ರ ಅಷ್ಟೂ ವಾಪಸ್ ತರಸಬೇಕಾಕ್ಕೈತಿ ಅಂದರು, ಆ ದನಿಯಲ್ಲಿ ಬೆದರಿಕೆ ಇರಲಿಲ್ಲ, ಹೆದರಿಕೆ ಇತ್ತು. ಪೇಟೆಗೆ ಹೋಗಿದೆ. ಪೇಟೆಯಿಂದ ನನ್ನ ಮನೆಗೂ ಬಂದಿದೆ.

ನನ್ನ ಮನೆಗೂ ಬಂದಿದೆ ಅಲ್ಲ, ನಾನೇ ತಂದದ್ದು, ಚಿಕ್ಕೋಡಿಯ ಮೆಡಿಕಲ್‌ನಲ್ಲಿ ನಿಂತು, ಅದು ಬ್ಯಾಡ್ರಿ, ನಮ್ಮ ಕಂಪನಿದು ಕೊಡ್ರಿ, ನಾನs ಟೆಸ್ಟ್ ಮಾಡಿದ್ದೈತಿ ಅಂತ ಜಂಬದಿಂದ ಇದೇ ಬ್ಯಾಚು ಕೇಳಿ ತಂದೆ, ನನ್ನ ಗಂಡ ಸನ್ಮತಿಗೆ — ಬಾಯಲ್ಲಿ ಇವರು, ಮನಸ್ಸಿನಲ್ಲಿ ಸನ್ಮತಿ — ಕಾಲೇಜಿನ ದಿನದಿಂದ ಫಿಟ್ಸು, ಗುಳಿಗೆ ನುಂಗಿದರೆ ಸುದ್ದಿಯೇ ಇಲ್ಲ, ಎಷ್ಟೋ ವರ್ಷ ಇರಲಿಲ್ಲ, ಊರಿಗೂ ಗೊತ್ತಿಲ್ಲ, ಈ ಫ್ಯಾಕ್ಟರಿಯಲ್ಲಿ ಕುಸುಮಳಿಗೂ ಹೇಳಿಲ್ಲ, ಹೇಳಬ್ಯಾಡಾ ಬ್ರಾಹ್ಮಿ, ಮಂದಿ ಒಂಥರಾ ನೋಡ್ತಾರ ಅನ್ನುತ್ತಾನೆ, ಹಾಲಿನ ಡೇರಿಯಲ್ಲಿ ಎಲ್ಲರನ್ನೂ ನಗಿಸಿಕೊಂಡು ಹಾಲು ಅಳೆಯುವ ಗಂಡಸು, ಅದೊಂದು ಮಾತು ಬಂದರೆ ನೆಲ ನೋಡುತ್ತಾನೆ. ಈ ಹೊಸ ಗುಳಿಗೆ ಶುರುಮಾಡಿ ಸ್ವಲ್ಪ ದಿನಕ್ಕೆ ಅನಂತ ಚತುರ್ದಶಿ ಬಂತು, ತಾಯಿ ಮಗ ಇಬ್ಬರೂ ಉಪವಾಸ, ನಡುವೆ ಒಂದು ಸಲ ಕಾಸಿದ ನೀರು ಮಾತ್ರ, ನಾನು ಡ್ಯೂಟಿಗೆ ಬರುವಾಗ ಹೇಳಿ ಬಂದಿದ್ದೆ, ಅತ್ತಿ, ನೀರಿನ ಜೋಡಿ ಗುಳಿಗಿ ಮರೀಬ್ಯಾಡ್ರಿ, ಕೊಡ್ತೀನೇಳವಾ, ಗುಳಿಗಿ ಏನು ತುತ್ತಲ್ಲಲಾ ಅಂದಿದ್ದರು. ಮರುದಿನ ಬೆಳಿಗ್ಗೆ ಪಾರಣೆಗೆ ಮುಂಚೆ ಹಿತ್ತಲ ಬಾವಿ — ನಮ್ಮ ಮನೆಯಲ್ಲಿ ನೀರು ಬಟ್ಟೆಯಲ್ಲಿ ಸೋಸಿಯೇ ಕುಡಿಯುವುದು, ಸೋಸಿ ಬಟ್ಟೆಯಲ್ಲಿ ಉಳಿದದ್ದನ್ನು ಚೆಲ್ಲುವಂತಿಲ್ಲ, ಅದರಲ್ಲಿ ಕಣ್ಣಿಗೆ ಕಾಣದ ಜೀವಗಳಿರುತ್ತವೆ, ಬಟ್ಟೆ ಜಾಲಿಸಿದ ಆ ನೀರನ್ನು ಅದೇ ಬಾವಿಗೆ ಮರಳಿ ಬಿಡಬೇಕು, ಅದು ಅತ್ತೆಯ ಕೆಲಸ, ಅವತ್ತು ಅವರು ಉಪವಾಸದಿಂದ ನಿತ್ರಾಣ, ಕೊಡಬೇ ಇಲ್ಲೆ ಅಂತ ಸನ್ಮತಿ ತಂಬಿಗೆ ಇಸಿದುಕೊಂಡು ಹೋದ, ಬಾವಿಯ ಕಟ್ಟೆಗೆ ಬಗ್ಗಿದ, ಹಗ್ಗ ಇಳಿಬಿಟ್ಟ, ಆಮೇಲೆ ತಂಬಿಗೆ ಬಿದ್ದ ಸದ್ದು, ನಾನು ಒಲೆಯ ಮುಂದೆ, ಏನು ಬಿತ್ತು ಅಂದೆ, ಓಡಿದೆ, ಕಟ್ಟೆಯ ಮೇಲೆ ಅವನ ಮೈ ಎಗರುತ್ತಿದೆ, ತಲೆ ಒಳಕ್ಕೆ, ಕಾಲು ಹೊರಕ್ಕೆ, ಅತ್ತೆ ಅವನ ಧೋತರ ಹಿಡಿದು ಜಗ್ಗುತ್ತಿದ್ದಾರೆ, ಇಬ್ಬರೂ ಕೂಡಿ ಎಳೆದೆವು, ದವಡೆಯ ಕೆಳಗೆ ಕಲ್ಲು ಕೊಯ್ದು ರಕ್ತ, ಇನ್ನೊಂದು ಗೇಣು ಆಚೆ ಬಿದ್ದಿದ್ದರೆ, ಥೂ, ಯೋಚಿಸಬೇಡ.

ಯೋಚಿಸದೆ ಬಾಯಿ ಬಿಟ್ಟಿದ್ದೂ ನಾನೇ, ಆಸ್ಪತ್ರೆಯಲ್ಲಿ ಡಾಕ್ಟರು ಗುಳಿಗಿ ಬಿಟ್ಟಿದ್ರೇನು ಅಂತ ಕೇಳಿದರು, ಇಲ್ರೀ ಅಂದರು ಅತ್ತೆ, ನಾನು ಎಲ್ಲರೆದುರು ತಿರುಗಿ ನಿಂತೆ, ಸುಳ್ಳ ಯಾಕ ಹೇಳ್ತೀರಿ ಅತ್ತಿ, ವ್ರತಾ ಮುರೀತೈತಂತ ನೀವು ಕೊಟ್ಟಿಲ್ಲ, ನಿಮ್ಮ ಉಪವಾಸ ನನ್ನ ಗಂಡನ್ನ ನುಂಗೂದಿತ್ತು. ನಮ್ಮತ್ತೆ ಲಕ್ಷ್ಮಿಬಾಯಿ ಅಂದರೆ ಸದಲಗಾದ ಓಣಿಯಲ್ಲಿ ಯಾರೂ ಎದುರುಮಾತಾಡುವುದಿಲ್ಲ, ನನಗೆ ತಿರುಗಿ ಒಂದು ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ, ಕೊಟ್ಟೀನವಾ, ಭಗವಂತನ ಆಣಿ ಕೊಟ್ಟೀನಿ, ಅಷ್ಟೇ. ಅವತ್ತಿನಿಂದ ಬೆಲ್ಲ ಬಿಟ್ಟರು, ಚಹಾಕ್ಕೂ ಬೆಲ್ಲ ಬೇಕು ಅನ್ನುವ ಮುದುಕಿ, ಗಾಣದ ಬೆಲ್ಲ ಬಂದರೆ ಕೂಸಿನ ಹಾಗೆ ಮೊದಲ ತುಂಡು ಬಾಯಿಗೆ ಹಾಕಿಕೊಳ್ಳುವ ಮುದುಕಿ, ಮಗ ಪೂರಾ ಹುಷಾರಾಗುವವರೆಗೂ ಮುಟ್ಟುವುದಿಲ್ಲ ಅಂತ ಬಸದಿಯಲ್ಲಿ ಹೇಳಿ ಬಂದರಂತೆ, ಮತ್ತೆ ದಿನಾ ಸಂಜೆ ಡ್ಯೂಟಿ ಬಿಡುವ ಹೊತ್ತಿಗೆ ನನಗೆ ಫೋನು, ಅವರಿಗೆ ಫೋನು ಹಚ್ಚಲು ಬರುತ್ತಿರಲಿಲ್ಲ, ಅದಕ್ಕಾಗಿಯೇ ಕಲಿತರು, ಬ್ರಾಹ್ಮಿ, ಕೊಟ್ಟೀನವಾ, ನುಂಗ್ಯಾನ, ಬಾಯಿ ತಗಸಿ ನೋಡೀನಿ. ಆರೋಪಿ ಠಾಣೆಗೆ ಬಂದು ಸಹಿ ಹಾಕುವ ಹಾಗೆ, ದಿನಾ. ನಾನೂ ಹ್ಞೂಂ ಅಂತ ಇಟ್ಟುಬಿಡುತ್ತೇನೆ, ಒಂದು ದಿನ ಸಾಕು ಬಿಡ್ರಿ ಅತ್ತಿ ಅನ್ನಲಿಲ್ಲ, ಎಂಥ ಹೆಂಗಸು ನಾನು.

ಕೊಟ್ಟಿದ್ದರು, ಅವರು ಕೊಟ್ಟಿದ್ದರು, ಅವನು ನುಂಗಿದ್ದ, ಅದು ಒಳಗೆ ಹೋಗಿ ಹೀಗೆ ಕೂತಿತ್ತು. ಮೇಡಂ, ಎರಡನೇದು, ಎರಡನೇದು, ಹೊತ್ತು ಮೀರತೈತಿ — ತೆಗೆಯುತ್ತೇನೆ ಸರ್, ನೀರು ಎಳೆದೆ, ಈಗ ವಾಪಸ್, ಒತ್ತಬೇಡ, ಹೆಬ್ಬೆರಳೇ ತಡಿ, ಮದುವೆಯಾಗಿ ಬಂದ ಹೊಸದರಲ್ಲಿ ಬಾವಿಯ ಕಟ್ಟೆಯಲ್ಲಿ ಅತ್ತೆ ನನ್ನ ಮುಂಗೈ ಹಿಡಿದಿದ್ದರು, ಎಲ್ಯಾರ ಮ್ಯಾಲಿಂದ ಸುರೀತಾರೇನಬೇ, ಬಡದು ಸಾಯ್ತಾವ ಜೀವಾ, ತಂಬಗಿ ಇಳಸು, ನೀರಿಗೆ ನೀರು ಹತ್ತಲಿ, ಆಮ್ಯಾಲ ನಿಧಾನಕ ಬಾಗಸು, ನೀರಿಗೆ ಗೊತ್ತಾಗಬಾರದು, ನಾನು ಹೊರಗೆ ತಲೆಯಾಡಿಸಿ ಒಳಗೆ ನಕ್ಕಿದ್ದೆ, ನಾನು ಬಿಎಸ್ಸಿ ಕೆಮಿಸ್ಟ್ರಿ, ಮನೆಯಲ್ಲಿ ಅವರ ಹಾಗೆ ಬಿಡುವುದು, ಇಲ್ಲಿ ಬಂದು ಚುರ್ರಂತ ಒತ್ತುವುದು, ಆರು ಪಾತ್ರೆ, ಮೇಲೆ ಗಡಿಯಾರ, ಯಾರಿಗಿದೆ ಪುರುಸೊತ್ತು, ಕೊಳವೆಯ ತುದಿಯನ್ನು ಗಾಜಿನ ಗೋಡೆಗೆ ತಾಗಿಸಿದೆ, ಬಿಟ್ಟೆ, ನಿಧಾನ, ನೀರಿಗೆ ನೀರು ಹತ್ತಲಿ, ಗುಪ್ಪೆ ಅಲುಗಲಿಲ್ಲ. ಆ ಯಂತ್ರವೂ ಹೀಗೆಯೇ ಬಿಡುತ್ತದೆ, ಗೋಡೆಗುಂಟ, ಸಣ್ಣ ಕೊಳವೆಯಿಂದ, ನಿಖಿಲ ತೋರಿಸಿದ್ದ, ನಾನು ಬೇಕಂತಲೇ ಆ ಕಡೆ ನೋಡಿರಲಿಲ್ಲ, ಅತ್ತೆಯ ಕೈ ಅದಕ್ಕೆ ಯಾರು ಕಲಿಸಿದರೋ. ಮೂರನೆಯದು, ನಿಧಾನ, ನಾಲ್ಕು, ಐದು, ಆರು. ಸರ್, ಒಂದ ಫೋನ್ ಮಾಡ್ಬೇಕಿತ್ರಿ, ಫೋನು ಹೊರಗೆ ಗೇಟಿನ ಹತ್ತಿರದ ಕಪಾಟಿನಲ್ಲಿ, ಲ್ಯಾಬಿನೊಳಗೆ ತರುವಂತಿಲ್ಲ, ನಡಬರಕ ಬಿಟ್ರ ಟೆಸ್ಟ್ ರದ್ದಾಕ್ಕೈತ್ರಿ ಮೇಡಂ, ಮುಗೀಲಿ, ಆಮ್ಯಾಲ ಎಷ್ಟರೆ ಮಾಡ್ರಿ, ಅಂಥಾದ್ದೇನೈತಿ ಮನ್ಯಾಗ, ಏನು ಹೇಳಲಿ, ಸನ್ಮತಿ ಯಾರಿಗೂ ಹೇಳಬೇಡ ಅಂದಿದ್ದಾನೆ, ಬಿಸಿಲು ನಾಲ್ಕನೆಯ ಪಾತ್ರೆಗೆ ದಾಟಿತು, ಇಷ್ಟೊತ್ತಿಗೆ ಅತ್ತೆ ರೊಟ್ಟಿ ಬಡಿಯುತ್ತಿರುತ್ತಾರೆ, ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು, ನಮ್ಮ ಮನೆಯಲ್ಲಿ ಕತ್ತಲಾದ ಮೇಲೆ ಗುಟುಕು ನೀರೂ ಇಲ್ಲ, ಊಟದ ಬೆನ್ನಿಗೇ ಗುಳಿಗೆ, ಈಗ ಎದ್ದು ಓಡಲೇ, ಓಡಿದರೆ ಈ ಪರೀಕ್ಷೆ ಹಾಳು, ನಾಳೆ ಬೇರೆ ಯಾರೋ ಇದೇ ಗುಳಿಗೆ ಹಾಕಿ ಚುರ್ರಂತ ಒತ್ತಿ ಪಾಸು ಮಾಡುತ್ತಾರೆ, ಯಂತ್ರದ ತಪ್ಪು ಅಂತ ಬರೆಯುತ್ತಾರೆ, ರಾಯಬಾಗದಲ್ಲಿ, ತೆಲಸಂಗದಲ್ಲಿ, ಯಾರ ಯಾರ ಮನೆಯಲ್ಲೋ ಯಾರ ಯಾರ ಮಕ್ಕಳೋ ನುಂಗುತ್ತಾರೆ, ಬಾವಿಯ ಕಟ್ಟೆ, ಟ್ರ್ಯಾಕ್ಟರಿನ ಸೀಟು, ಒಲೆಯ ಮುಂದೆ, ಎಲ್ಲಿ ಬೀಳುತ್ತಾರೋ, ಯಾರ ಅತ್ತೆಯನ್ನು ಯಾವ ಸೊಸೆ ಬೈಯುತ್ತಾಳೋ — ಇರಲಿ, ಇನ್ನೆರಡು ಸಲ ನೀರು ತೆಗೆದರೆ ಮುಗಿಯಿತು, ಬಿಸಿಲಿದೆ, ಇನ್ನೂ ಬಿಸಿಲಿದೆ, ನಿಲ್ಲೋ ಯಪ್ಪಾ ಸ್ವಲ್ಪ. ಗುಳಿಗೆ ಬಿಡಿಸುವ ಹಾಗೂ ಇಲ್ಲ, ಬಿಟ್ಟರೆ ಇನ್ನೂ ಕೆಟ್ಟದ್ದು, ಅಂಗಡಿಗೆ ಯಾರನ್ನಾದರೂ ಓಡಿಸಿ ಮೊದಲಿನ ಕಂಪನಿಯದನ್ನು ತರಿಸ್ರಿ ಅಂತ ಹೇಳಬೇಕು, ಅಷ್ಟೇ, ಒಂದೇ ಮಾತು, ಒಂದೇ ನಿಮಿಷ.

ಇದೇನ್ರಿ, ಮದಲನೇದು ಅಷ್ಟs ಸ್ವಚ್ಛ ಕರಗೇತಿ, ಉಳದಾವು ಯಾಕ ಹಂಗs ಕುಂತಾವು — ಕೊನೆಗೂ ಶಿವರಾಜ ಸರ್ ಬಗ್ಗಿ ನೋಡಿದರು, ಕನ್ನಡಕ ಗಾಜಿಗೆ ತಾಗಿತು, ಸರ್, ಮದಲನೇದ್ರಾಗ ನಾನು ಜೋರ್ ಒತ್ತಿದೆ, ದಿನಾ ಒತ್ತತಿದ್ದೆ ಹಂಗ, ನೀರು ಬಡದು ಅದು ಒಡೀತು, ಇವಕ್ಕ ನಿಧಾನ ಬಿಟ್ಟೆ, ಮಶೀನ್ ಬಿಟ್ಟಂಗ, ನೋಡ್ರಿ. ಅವರು ನೋಡಿದರು, ಪೆನ್ನಿನ ಟಕ್ ಟಕ್ ನಿಂತಿತು, ಹೊಟ್ಟಿ ಗಾಜಲ್ಲರೀ ಮೇಡಂ, ಹೊಟ್ಟಿ ಹಿಂಡತೈತಿ, ಕಲಸತೈತಿ, ಒಳಗ ಹಿಂಗ ಕುಂಡ್ರೂದಿಲ್ಲ ಅಂದರು, ಅನ್ನುವಾಗ ನನ್ನ ಮುಖ ನೋಡಲಿಲ್ಲ, ಹೋದ ವರ್ಷದ್ದು ಕರಗಿತಲ್ರಿ ಸರ್, ಇದs ನೀರು, ಇದs ರೆಕ್ಕಿ, ಅಂದೆ, ಈ ನಡುವೆ ಗುಳಿಗೆಯ ಪುಡಿ ಕಟ್ಟುವ ಗಂಜಿ ಬದಲಾಗಿತ್ತು ಅಂತ ಅವರಿಗೂ ಗೊತ್ತು ನನಗೂ ಗೊತ್ತು, ಅಗ್ಗದ್ದು ಸಿಕ್ಕಿತು ಅಂತ ತಂದದ್ದು, ರೆಕ್ಕೆ ತಿರುಗುತ್ತಿದೆ. ಒಂದ ಕೆಲಸಾ ಮಾಡ್ರಿ, ಇದನ್ನ ಚಲ್ಲಿಬಿಡ್ರಿ, ನಾಳೆ ಮುಂಜಾನೆ ಹೊಸದಾಗಿ ಹಾಕೂನು, ನೀವು ಹ್ಯಾಂಗ ದಿನಾ ಮಾಡ್ತೀರಿ ಹಂಗs ಮಾಡ್ರಿ, ಅವರ ದನಿ ಸಣ್ಣಗಾಗಿದೆ, ಬೇಡಿಕೊಳ್ಳುತ್ತಿದ್ದಾರೆ, ಮ್ಯಾಲಿನವ್ರಿಗೆ ನಾ ಏನಂತ ಹೇಳ್ಲಿ, ಪಾಪ ಅನ್ನಿಸಿತು, ಸಿಟ್ಟೂ ಬಂತು, ಚೆಲ್ಲೂದಿಲ್ರಿ ಸರ್, ಅಂದೆ, ಯಾರು ಅಂದದ್ದು, ನಾನೇ, ನಾಳೆ ಇಲ್ಲಾ, ಇದs ಬರೀತೀನಿ, ಹಂಗs ಬರೀತೀನಿ, ನನ್ನ ಗಂಡ ಇದನ್ನs ನುಂಗ್ತಾರ್ರಿ, ಅವರಿಗೆ ಫಿಟ್ಸ್ ಐತಿ, ಇದನ್ನ ನುಂಗಿ ಬಾವ್ಯಾಗ ಬೀಳೂದಿತ್ತು, ಹೇಳಿಬಿಟ್ಟೆ, ಸನ್ಮತಿ, ಹೇಳಿಬಿಟ್ಟೆ ನೋಡೋ, ಏನು ಮಾಡಲಿ. ಶಿವರಾಜ ಸರ್ ಪೆನ್ನು ಜೇಬಿಗೆ ಸಿಕ್ಕಿಸಿದರು, ಮೊದಲ ಫೋನ್ ಮಾಡ್ಹೋಗ್ರಿ ತಂಗಿ, ಕೊನೀ ಸ್ಯಾಂಪಲ್ ನಾ ತಗೀತೀನಿ, ಅಂದರು, ಸಿರಿಂಜು ಕೊಟ್ಟೆ, ನಿಧಾನ ಬಿಡ್ರಿ ಸರ್, ಗ್ವಾಡಿಗುಂಟ, ಹ್ಞೂಂ ಅಂದರು.

ಬಾಗಿಲು, ಕೋಟು ಬಿಚ್ಚು, ಈ ಗುಂಡಿ ಯಾಕೆ ಬಿಚ್ಚುವುದಿಲ್ಲ, ಚಪ್ಪಲಿ ಬದಲಿಸು, ಬೇಡ, ಹಾಗೇ ಓಡು, ಹೊರಗೆ ನಿಪ್ಪಾಣಿಯ ತಂಬಾಕಿನ ವಾಸನೆ, ಹೈವೇ ಪಕ್ಕ ಕಬ್ಬಿನ ಟ್ರ್ಯಾಕ್ಟರು ಹಾಡು ಹಚ್ಚಿಕೊಂಡು ಹೊರಟಿದೆ, ಮುಗಿಲು ಕೆಂಪಗಿದೆ, ಸೂರ್ಯ ಎಲ್ಲಿ, ಇಲ್ಲ, ಗೋದಾಮಿನ ಹಿಂದೆ ಇರಬೇಕು, ಇರಬೇಕು, ಕಪಾಟಿನ ಬೀಗಕ್ಕೆ ಕೀಲಿ ಹತ್ತುತ್ತಿಲ್ಲ, ಒಳಗೆ ಫೋನು ಬಡಿದುಕೊಳ್ಳುತ್ತಿದೆ, ಹೋಗುತ್ತದೆ, ಮತ್ತೆ ಬಡಿದುಕೊಳ್ಳುತ್ತದೆ, ತಡೀರಿ ಅತ್ತಿ, ಬಂದೆ, ತಡೀರಿ, ಕೊಡಬ್ಯಾಡ್ರಿ, ಹಲೋ ಅನ್ನುವ ಮೊದಲೇ ಅವರ ದನಿ, ಬ್ರಾಹ್ಮಿ, ಕೊಟ್ಟೀನವಾ, ನುಂಗ್ಯಾನ, ಬಾಯಿ ತಗಸಿ ನೋಡೀನಿ, ನಾಲಗಿ ಎತ್ತಿಸಿ ನೋಡೀನಿ, ಹಿಂದೆ ಸನ್ಮತಿಯ ನಗು, ನನ್ನೇನ್ ಕೂಸ್ ಮಾಡೀರಬೇ ಇಬ್ರೂ ಕೂಡಿ. ನಿಂತಲ್ಲೇ ಕುಕ್ಕರಿಸಿದೆ, ಅತ್ತಿ, ಅವತ್ತೂ ನೀವು ಕೊಟ್ಟಿದ್ರಿ. ಕೊಟ್ಟಿದ್ದೆ ಅಂದಿದ್ನೆಲ್ಲವಾ. ಹೌದ್ರಿ, ಕೊಟ್ಟಿದ್ರಿ, ತಪ್ಪು ಉಪವಾಸದ್ದಲ್ಲ, ನಿಮ್ದಲ್ಲ, ನನ್ನ ಬಾಯಿಗೆ ಹುಳಾ ಬೀಳ್ಲಿ, ನೀವು ನಾಳೆ ಬೆಲ್ಲಾ ತಿನ್ರಿ ಅತ್ತಿ. ಮೂಗು ಏರಿಸಿದ ಸದ್ದು, ಅಳುತ್ತಿದ್ದಾರೆಯೇ, ಆಮೇಲೆ ನಿಧಾನವಾಗಿ, ಬಾವಿಗೆ ತಂಬಿಗೆ ಇಳಿಸಿದಷ್ಟು ನಿಧಾನವಾಗಿ, ಹಂಗಾದ್ರ ನನ್ನ ಮಗಾ ಯಾಕ ಬಿದ್ನಬೇ ಬ್ರಾಹ್ಮಿ. ಹೇಳಬೇಕು, ಹೇಳುತ್ತೇನೆ, ರಾತ್ರಿ ಅವನ ಹತ್ತಿರ ಕೂಡ್ರಿ, ಬಾವಿಗೆ ಬಿಡಬೇಡಿ, ನಾನು ಸಿಕ್ಕ ಬಸ್ಸಿಗೆ ಬರುತ್ತೇನೆ, ಡಾಕ್ಟರಿಗೆ ಕೇಳುತ್ತೇನೆ, ಇನ್ನೊಂದು ಗುಳಿಗೆ ಕೊಡುವುದೋ ಬೇಡವೋ, ಮೊದಲಿನದು ಕರಗಿದ್ದರೆ ಹೆಚ್ಚಾಗುತ್ತದೆ, ಕರಗದಿದ್ದರೆ, ಕರಗಿದೆಯೋ ಇಲ್ಲವೋ ಯಾವ ಬಿಸಿಲಿನಲ್ಲಿ ಬಗ್ಗಿ ನೋಡಲಿ, ಫೋನಿನಲ್ಲಿ ಅವನಿನ್ನೂ ನಗುತ್ತಿದ್ದಾನೆ, ಈಗಷ್ಟೇ ಸೋಸಿದ ನೀರು ಕುಡಿದಿದ್ದಾನೆ, ಆ ನೀರು ಒಳಗೆ ತಿರುಗುತ್ತಿದೆ, ಎಲ್ಲ ತಿರುಗುತ್ತಿದೆ, ತಳದಲ್ಲಿ ಬೆಳ್ಳಗೆ, ಚಿಕ್ಕದು, ಅಕ್ಕಿಯ ಗುಪ್ಪೆಯಷ್ಟು, ಅಲುಗುವುದಿಲ್ಲ, ಬಿಳಿ ಗುಪ್ಪೆ, ಅಲುಗುವುದಿಲ್ಲ